ಪಾಮರ್ ಕೆತ್ತಿದ ರಾತ್ರಿ

ಕೇಳುಗರೇ, ನಮಸ್ಕಾರ.

ಇವತ್ತು ನಾನು ಹೇಳಹೊರಟಿರುವ ಚಿತ್ರಗಾರನ ಹೆಸರು ಸ್ಯಾಮ್ಯುಯೆಲ್ ಪಾಮರ್. ಕನ್ನಡದ ಕಿವಿಗೆ ಹೆಸರು ಸ್ವಲ್ಪ ತಮಾಷೆಯಾಗಿದೆ, ಅಲ್ವಾ? ಆದರೆ ಈತ ಪಾಮರನಲ್ಲ. ವರ್ಜಿಲ್ ಕವಿಯ ಕುರುಬರ ಹಾಡುಗಳನ್ನು ಲ್ಯಾಟಿನ್‌ನಲ್ಲೇ ಓದಿ, ವರ್ಷಗಟ್ಟಲೆ ಕೂತು ಇಂಗ್ಲಿಷಿಗೆ ತಂದವನು.

ಹುಟ್ಟಿದ್ದು 1805ರಲ್ಲಿ, ಲಂಡನ್ನಿನಲ್ಲಿ. ಹರೆಯದಲ್ಲೇ ಕವಿಯೂ ಚಿತ್ರಗಾರನೂ ಆಗಿದ್ದ ಮುದುಕ ವಿಲಿಯಂ ಬ್ಲೇಕ್‌ನ ಪರಿಚಯವಾಯಿತು. ಆಮೇಲೆ ಕೆಂಟ್ ಸೀಮೆಯ ಶೋರ್‌ಹ್ಯಾಮ್ ಎಂಬ ಹಳ್ಳಿ ಸೇರಿಕೊಂಡ. ಆ ಹಳ್ಳಿಯ ಚಿತ್ರಗಳೇ ಇಂದು ಜಾಸ್ತಿ ಹೆಸರಾಗಿವೆ. ನನಗೆ ಮಾತ್ರ ಅವನ ಮುಪ್ಪಿನ ಚಿತ್ರಗಳು ಇಷ್ಟ. ಅವುಗಳ ಜೊತೆ ಒಂದು ಜಗಳವೂ ಇದೆ.

1861ರಲ್ಲಿ ಹಿರಿಯ ಮಗ ತೀರಿಕೊಂಡ. ಇನ್ನೂ ಹತ್ತೊಂಬತ್ತರ ಹುಡುಗ. ಮರುವರ್ಷ ಪಾಮರ್ ರೆಡ್‌ಹಿಲ್‌ಗೆ ಮನೆ ಬದಲಿಸಿದ. ರೈಲು ಬಂದಮೇಲೆ ಬೆಳೆದ ಊರು ಅದು. ಲಂಡನ್ನಿನಿಂದ ಬ್ರೈಟನ್ನಿಗೆ ಹೋಗುವ ಹಳಿ ಅಲ್ಲೇ ಹಾದುಹೋಗುತ್ತದೆ. ಆದರೆ ಅಲ್ಲಿ ಕೂತು ಅವನು ಬರೆದದ್ದು ಎತ್ತಿನ ಗಾಡಿ, ಕುರಿಮಂದೆ, ಚಂದ್ರ.

ವ್ಯಾಲ್ಪಿ ಎಂಬ ವಕೀಲರೊಬ್ಬರು ಮಿಲ್ಟನ್ ಕವಿಯ ಸಾಲುಗಳಿಗೆ ಚಿತ್ರ ಬರೆದುಕೊಡಲು ಕೇಳಿದರು. ಜಲವರ್ಣದಲ್ಲಿ ಶುರುವಾದ ಆ ಕೆಲಸ ಪಾಮರ್‌ನನ್ನು ಸಾಯುವ ತನಕ ಬಿಡಲಿಲ್ಲ. ಅದರಲ್ಲೊಂದನ್ನು ಮತ್ತೆ ತಾಮ್ರದ ತಗಡಿನ ಮೇಲೆ ತಂದ. 1879ರ ‘ಒಂಟಿ ಗೋಪುರ’. ದೊಡ್ಡದೇನಲ್ಲ, ನೋಟ್‌ಬುಕ್ಕಿನ ಹಾಳೆಯಷ್ಟು.

ತಗಡಿಗೆ ಮೇಣದಂಥ ಲೇಪ ಬಳಿಯಬೇಕು. ಸೂಜಿಯಿಂದ ಗೀರಬೇಕು. ಆಸಿಡ್ಡಿಗೆ ಹಾಕಿದರೆ ಗೀರಿದ ಕಡೆಯಷ್ಟೇ ತಾಮ್ರ ಕರಗುತ್ತದೆ. ಆ ಗುಳಿಗಳಲ್ಲಿ ಶಾಯಿ ತುಂಬಿ ಕಾಗದಕ್ಕೆ ಒತ್ತುವುದು. ಒಂದು ತಗಡಿಗೆ ತಿಂಗಳುಗಟ್ಟಲೆ. ಸಾವಿರಾರು ಗೀರುಗಳಿಂದ ಕತ್ತಲು ಕಟ್ಟುತ್ತಾನೆ ಪಾಮರ್. ಗುಡ್ಡದ ಮೇಲೆ ಗೋಪುರ, ಅದರ ಕಿಟಕಿಯಲ್ಲಿ ದೀಪ. ಕೆಳಗೆ ಹಾರುವ ಗೂಬೆ, ಮಲಗಿ ಮೇಲೆ ನೋಡುವ ಕುರುಬರು. ಆಕಾಶದಲ್ಲಿ ನಮ್ಮ ಸಪ್ತರ್ಷಿಗಳು. ಆ ಚುಕ್ಕಿಗಳಿಗೆ ಯಾವ ಬಣ್ಣವೂ ಇಲ್ಲ. ಶಾಯಿ ತಾಗದೆ ಉಳಿದ ಬರೀ ಕಾಗದ! ನನ್ನನ್ನು ಹಿಡಿದು ನಿಲ್ಲಿಸುವುದು ಅದೇ.

ಇನ್ನು ಜಗಳ. ಅವನ ಕುರುಬರಿಗೆ ಹಸಿವಿಲ್ಲ. ಅವನು ಶೋರ್‌ಹ್ಯಾಮಿನಲ್ಲಿದ್ದಾಗಲೇ, 1830ರಲ್ಲಿ, ಕೆಂಟ್‌ನ ಕೂಲಿಗಳು ಒಕ್ಕಣೆ ಯಂತ್ರಗಳನ್ನು ಒಡೆದಿದ್ದರು. ಬಣವೆಗಳು ಉರಿದಿದ್ದವು. ಯಂತ್ರ ಬಂದು ಚಳಿಗಾಲದ ಕೂಲಿ ಹೋಗಿತ್ತು. 1832ರಲ್ಲಿ ಪಾಮರ್ ಒಂದು ಕರಪತ್ರ ಬರೆದ. ಕೂಲಿಗಳ ಪರವಾಗಿ ಅಲ್ಲ, ಹಳೆಯ ವ್ಯವಸ್ಥೆಯ ಪರವಾಗಿ. ಇದು ಗೊತ್ತಿದ್ದೂ ಆ ಚಿತ್ರ ನೋಡಿದಾಗ ನನಗೆ ಕಾಣುವುದು ರಾಜಕೀಯಕ್ಕಿಂತ ಹೆಚ್ಚಾಗಿ ಒಬ್ಬ ಅಪ್ಪ. ಆರದ ದೀಪ ಇಟ್ಟುಕೊಂಡು ಎದ್ದಿರುವವನು.

ಪಾಮರ್ 1881ರಲ್ಲಿ ತೀರಿಕೊಂಡ. ವರ್ಜಿಲ್‌ಗಾಗಿ ಶುರುಮಾಡಿದ್ದ ತಗಡುಗಳು ಅರ್ಧಕ್ಕೇ ನಿಂತಿದ್ದವು. ಕಿರಿಯ ಮಗ ಆಲ್ಫ್ರೆಡ್ ಅವನ್ನು ಮುಗಿಸಿ, 1883ರಲ್ಲಿ ಪುಸ್ತಕ ತಂದ. ಅದೇ ಮಗ 1909ರಲ್ಲಿ ಅಪ್ಪನ ನೋಟ್‌ಬುಕ್ಕುಗಳನ್ನೂ ಚಿತ್ರಗಳನ್ನೂ ರಾಶಿ ಹಾಕಿ ಸುಟ್ಟ. ಯಾರಿಗೂ ಅರ್ಥವಾಗುವುದಿಲ್ಲ ಎಂದು. ಆ ಬೆಂಕಿ ದಿನಗಟ್ಟಲೆ ಉರಿಯಿತಂತೆ.