ಬೀದಿಗಿಳಿಯದೆ ಬೀದಿ ಗೆದ್ದವರು: ಒರ್ಟೋನಾದಲ್ಲಿ ಲಾಯಲ್ ಎಡ್ಮಂಟನ್ ರೆಜಿಮೆಂಟ್

ಮೊದಲು ಜಾಗ ನೋಡಿ: ಇಟಲಿಯ ಪೂರ್ವ ಕರಾವಳಿ, ಅಬ್ರುಝೋ ಪ್ರಾಂತ್ಯದ ಒರ್ಟೋನಾ. ದಕ್ಷಿಣದಿಂದ ಬರೋರ ಬಲಕ್ಕೆ ಏಡ್ರಿಯಾಟಿಕ್ ಸಮುದ್ರ, ಊರಿನ ಅಂಚಿಂದ ನೇರ ಕೆಳಕ್ಕಿಳಿಯೋ ಬಂಡೆ. ಎಡಕ್ಕೆ ಆಳವಾದ ಕಣಿವೆ. ಸೈನ್ಯ ಅನ್ನೋದು ಒಳಗೆ ಬರಬೇಕಾದ್ರೆ ದಕ್ಷಿಣದ ಕಡೆಯಿಂದಲೇ ಬರಬೇಕು. ಊರು ಅರ್ಧ ಕಿಲೋಮೀಟರ್ ಅಗಲ, ಒಂದೂವರೆ ಕಿಲೋಮೀಟರ್ ಉದ್ದ ಇದ್ರೆ ಹೆಚ್ಚು. ಎರಡನೇ ಮಹಾಯುದ್ಧದಲ್ಲಿ, ಜರ್ಮನ್ನರ ಕೈಲಿದ್ದ ಇಷ್ಟು ಜಾಗ ದಾಟೋದಕ್ಕೆ 1943ರ ಡಿಸೆಂಬರ್‌ನಲ್ಲಿ ಕೆನಡಾದ ಕಾಲಾಳುಗಳಿಗೆ ಎಂಟು ದಿನ ಹಿಡೀತು.

ಆ ಕಾಲಾಳುಗಳಲ್ಲಿ ಮುಂದಿದ್ದದ್ದು ಲಾಯಲ್ ಎಡ್ಮಂಟನ್ ರೆಜಿಮೆಂಟ್. ಆಲ್ಬರ್ಟಾ ಪ್ರಾಂತ್ಯದ ಎಡ್ಮಂಟನ್ ಊರಿನ ಪಡೆ, ಹುಟ್ಟಿದ್ದು 1908ರಲ್ಲಿ. ಮೊದಲ ಮಹಾಯುದ್ಧದಲ್ಲಿ ಇದರ ಹೆಸರು 49ನೇ ಬೆಟಾಲಿಯನ್. ಆಗ ಇದರ ಇಬ್ಬರು ಸೈನಿಕರಿಗೆ ಶೌರ್ಯಕ್ಕೆ ಕೊಡೋ ಅತಿ ದೊಡ್ಡ ಪದಕ ವಿಕ್ಟೋರಿಯಾ ಕ್ರಾಸ್ ಬಂತು: 1916ರಲ್ಲಿ ಕೂರ್ಸೆಲೆಟ್‌ನಲ್ಲಿ ಜಾನ್ ಚಿಪ್‌ಮನ್ ಕರ್, 1917ರಲ್ಲಿ ಪ್ಯಾಶೆಂಡೇಲ್‌ನಲ್ಲಿ ಸೆಸಿಲ್ ಕಿನ್‌ರಾಸ್. ಲೆಸ್ಟಾಕ್ ಅಂತ ಒಂದು ಕಯೋಟಿಯನ್ನೂ (ತೋಳದ ಜಾತಿಯ ಪ್ರಾಣಿ) ಜೊತೆಗೆ ಕರಕೊಂಡು ಸಮುದ್ರ ದಾಟಿದ್ರು. ಅದು ಕೊನೆಗೆ ಸೇರಿದ್ದು ಲಂಡನ್ ಮೃಗಾಲಯ.

ಎರಡನೇ ಮಹಾಯುದ್ಧ ಶುರುವಾದ ವರ್ಷವೇ ಈ ಬೆಟಾಲಿಯನ್ ಇಂಗ್ಲೆಂಡಿಗೆ ಹೋಯ್ತು. ಆಮೇಲೆ ಮೂರೂವರೆ ವರ್ಷ ಬಹುಪಾಲು ತರಬೇತಿ, ಕಾವಲು. 1943ರ ಜುಲೈ 10ಕ್ಕೆ ಸಿಸಿಲಿಯಲ್ಲಿ ಇಳಿದ್ರು. ಅವರಿದ್ದದ್ದು ಒಂದನೇ ಕೆನಡಿಯನ್ ಡಿವಿಷನ್ ಅನ್ನೋ ದೊಡ್ಡ ಪಡೆಯ ಎರಡನೇ ಬ್ರಿಗೇಡ್‌ನಲ್ಲಿ. ಜೊತೆಗಿದ್ದ ಇನ್ನೆರಡು ಬೆಟಾಲಿಯನ್‌ಗಳು ಸೀಫೋರ್ತ್ ಹೈಲ್ಯಾಂಡರ್ಸ್ ಆಫ್ ಕೆನಡಾ ಮತ್ತು ಪ್ರಿನ್ಸೆಸ್ ಪೆಟ್ರೀಷಿಯಾಸ್ ಕೆನಡಿಯನ್ ಲೈಟ್ ಇನ್‌ಫೆಂಟ್ರಿ. ಒರ್ಟೋನಾ ಹೊತ್ತಿಗೆ ಡಿವಿಷನ್ನಿನ ಮುಖ್ಯಸ್ಥ ಕ್ರಿಸ್ಟೋಫರ್ ವೋಕ್ಸ್, ಬ್ರಿಗೇಡಿಗೆ ಬರ್ಟ್ರಂ ಹಾಫ್‌ಮೈಸ್ಟರ್, ಎಡ್ಮಂಟನ್ ಪಡೆಗೆ ಲೆಫ್ಟಿನೆಂಟ್ ಕರ್ನಲ್ ಜೆಫರ್ಸನ್.

ಈ ಕದನದ ಬಗ್ಗೆ ಮಾತು ಬಂದಾಗೆಲ್ಲ ಗೋಡೆ ಕೊರೆದು ನುಗ್ಗಿದ ಜಾಣತನದ ಕಥೆ ಬರುತ್ತೆ. ಅದು ನಿಜ, ಅದಕ್ಕೆ ಬರ್ತೀನಿ. ಆದ್ರೆ ನನ್ನ ಪ್ರಕಾರ ಒರ್ಟೋನಾವನ್ನ ಅರ್ಥ ಮಾಡ್ಕೊಳ್ಳೋಕೆ ಮೊದಲು ನೋಡಬೇಕಾದ್ದು ತಲೆ ಎಣಿಕೆ. ಡಿಸೆಂಬರ್ ಮೊದಲ ವಾರದಿಂದಲೇ ಮೋರೋ ನದಿ, ಸ್ಯಾನ್ ಲಿಯೊನಾರ್ಡೊ, ಆಮೇಲೆ 'ದಿ ಗಲ್ಲಿ' ಅಂತ ಕರೆದ ಕೊರಕಲು, ಹೀಗೆ ಒಂದರ ಮೇಲೊಂದು ಹೊಡೆದಾಟ ಆಗಿತ್ತು. ಕಾಗದದ ಮೇಲೆ ಬೆಟಾಲಿಯನ್ನಿನ ಒಂದು ರೈಫಲ್ ಕಂಪನಿ ಅಂದ್ರೆ 120ಕ್ಕೂ ಹೆಚ್ಚು ಜನ. ಡಿಸೆಂಬರ್ 20ರ ಮಧ್ಯಾಹ್ನ ಊರಂಚಿಗೆ ಬಂದಾಗ ಎಡ್ಮಂಟನ್ ಪಡೆಯಲ್ಲಿ ನಾಲ್ಕರ ಬದಲು ಮೂರೇ ಕಂಪನಿ, ಒಂದೊಂದರಲ್ಲಿ ಸುಮಾರು 60 ಜನ. ಈ ಅರವತ್ತನ್ನ ನೆನಪಲ್ಲಿಡಿ.

ಎದುರಿಗಿದ್ದದ್ದು ಜರ್ಮನಿಯ ಒಂದನೇ ಪ್ಯಾರಾಶೂಟ್ ಡಿವಿಷನ್ನಿನ ಪಳಗಿದ ಆಳುಗಳು. ಅವರು ಮಾಡಿದ ಸಿದ್ಧತೆ ನೋಡಿ. ಅಡ್ಡಬೀದಿಗಳ ಮೂಲೆಮನೆಗಳನ್ನ ತಾವೇ ಸಿಡಿಸಿ ಬೀದಿಗೆ ಬೀಳಿಸಿದ್ರು. ನಾಲ್ಕು ಮೀಟರ್‌ವರೆಗೂ ಎತ್ತರದ ಕಲ್ಲು ಗುಡ್ಡೆ. ತೆರೆದಿಟ್ಟಿದ್ದು ಒಂದೇ ದಾರಿ, ಕೊರ್ಸೋ ವಿಟ್ಟೋರಿಯೋ ಎಮಾನುಯೆಲೆ ಅನ್ನೋ ಮುಖ್ಯಬೀದಿ. ಅದು ನೇರ ಚೌಕಕ್ಕೆ ತಂದು ಬಿಡುತ್ತೆ, ಚೌಕದ ಸುತ್ತ ಮೆಷಿನ್‌ಗನ್ ಕಾಯ್ತಾ ಕೂತಿರುತ್ತೆ. ಕಲ್ಲು ಗುಡ್ಡೆ ಹತ್ತಿದ್ರೆ ಅದರೊಳಗೆ ತುಳಿದ್ರೆ ಸಿಡಿಯೋ ಮೈನ್. ಹತ್ತೋ ಟ್ಯಾಂಕಿನ ಹೊಟ್ಟೆ ಮೇಲೆದ್ದಾಗ, ತೆಳುವಾದ ಆ ತಳಕ್ಕೇ ಗುರಿಯಿಟ್ಟ ಟ್ಯಾಂಕ್ ನಿರೋಧಕ ಗನ್. ಒಂದು ಮನೆಯಿಂದ ಹೊಡೆಯೋರಿಗೆ ಎದುರುಮನೆಯಿಂದ ಕಾವಲು, ಕೆಲವು ಮನೆಗಳಿಗೆ ಮೊದಲೇ ಹುದುಗಿಸಿಟ್ಟ ಸ್ಫೋಟಕ. ಜರ್ಮನ್ನರ ಎಂಜಿ 42 ಮೆಷಿನ್‌ಗನ್ ನಿಮಿಷಕ್ಕೆ 1200 ಗುಂಡು ಉಗುಳುತ್ತೆ. ಆರು ಮೀಟರ್ ಅಗಲದ ಬೀದಿಯಲ್ಲಿ ಅದರ ಮುಂದೆ ಓಡೋದು ಆಗದ ಮಾತು.

ಟ್ಯಾಂಕು ಇರಲಿಲ್ವಾ ಅಂದ್ರೆ, ಇತ್ತು. ಥ್ರೀ ರಿವರ್ಸ್ ರೆಜಿಮೆಂಟಿನ ಷೆರ್ಮನ್‌ಗಳು. ಆದ್ರೆ ಷೆರ್ಮನ್ನಿನ 75 ಮಿ.ಮೀ. ಗನ್ ಮೇಲಕ್ಕೆ ಎತ್ತೋದು 25 ಡಿಗ್ರಿ ಮಾತ್ರ. ಲೆಕ್ಕ ಹಾಕಿ: ಹತ್ತು ಮೀಟರ್ ದೂರದ ಮನೆಯಲ್ಲಿ ಅದು ಮುಟ್ಟೋ ಎತ್ತರ ಏಳು ಮೀಟರಿನ ಆಸುಪಾಸು. ಮೂರನೇ ಮಹಡಿ ಕಿಟಕಿಯಲ್ಲಿ ಕೂತವನು ಸೇಫ್, ಮೇಲಿಂದ ಗ್ರೆನೇಡ್ ಬೀಳಿಸೋದೂ ಅವನೇ. ಹಾಗಾಗಿ ಟ್ಯಾಂಕನ್ನ ಕಾಲಾಳುಗಳ ಹಿಂದೆ, ದೂರದಲ್ಲಿ ನಿಲ್ಲಿಸಿ ಹೊಡೆಸೋದು ಬಂತು. ಗೋಡೆ ದಪ್ಪ ಇದ್ರೆ ಮೊದಲು ಕವಚ ಭೇದಿಸೋ ಶೆಲ್ ಹೊಡೆದು ತೂತು, ಆ ತೂತಿನೊಳಗೆ ಸಿಡಿಯೋ ಶೆಲ್. ಕ್ರಮ ತಿರುಗುಮುರುಗಾದ್ರೆ ಶೆಲ್ ಹೊರಗೋಡೆ ಮೇಲೇ ಸಿಡಿದು ಗಾರೆ ಉದುರುತ್ತೆ, ಒಳಗಿರೋರಿಗೆ ಏನೂ ಆಗಲ್ಲ. 57 ಮಿ.ಮೀ.ನ ಆರು ಪೌಂಡರ್ ಗನ್‌ಗಳನ್ನೂ ಕೈಯಲ್ಲೇ ತಳ್ಳಿ ಬೀದಿಗೆ ತಂದು ಮನೆಗಳ ಮೇಲೆ, ಕಲ್ಲು ಗುಡ್ಡೆಗಳ ಮೇಲೆ ಹೊಡೆದ್ರು.

ಇನ್ನು ಗೋಡೆ ಕೊರೆಯೋ ವಿಷಯ. ಒರ್ಟೋನಾದ ಮನೆಗಳು ವಠಾರದ ಮನೆಗಳ ಹಾಗೆ ಸಾಲಾಗಿ ಅಂಟಿಕೊಂಡಿದ್ವು, ಎರಡು ಮನೆಗೆ ಒಂದೇ ಗೋಡೆ. ಬೀದಿಗಿಳಿದ್ರೆ ಸಾವು ಅಂದಮೇಲೆ ಮನೆಯಿಂದ ಮನೆಗೆ ಒಳಗೊಳಗೇ ಹೋಗೋದೊಂದೇ ದಾರಿ. ಇದಕ್ಕೆ ಮೌಸ್‌ಹೋಲಿಂಗ್ ಅಂತಾರೆ. ಎಡ್ಮಂಟನ್ ಪಡೆಯ ಕ್ಯಾಪ್ಟನ್ ಬಿಲ್ ಲಾಂಗ್‌ಹರ್ಸ್ಟ್ ಇದನ್ನ ಕಂಡುಹಿಡಿದ ಅಂತ ಸುಮಾರು ಕಡೆ ಓದಿರ್ತೀರಿ. ಹಾಗಲ್ಲ, ಬ್ರಿಟನ್ನಿನ ತರಬೇತಿ ಶಾಲೆಗಳಲ್ಲಿ ಇದನ್ನ ಮೊದಲೇ ಹೇಳಿಕೊಡ್ತಿದ್ರು. ಸರಿಯಾದ ಹೊತ್ತಿಗೆ ಅದನ್ನ ಕೈಗೆತ್ತಿಕೊಂಡದ್ದು ಅವನ ಪಾಲಿನ ಹೆಗ್ಗಳಿಕೆ.

ಕೆಲಸ ನಡೆಯೋ ರೀತಿ ಹೀಗೆ. ಕೈಗೆ ಬಂದ ಮನೆಯ ಮೇಲಿನ ಮಹಡಿಗೆ ಪಯೋನಿಯರ್‌ಗಳು (ಸ್ಫೋಟಕದ ಕೆಲಸ ಬಲ್ಲ ಸೈನಿಕರು) ಹತ್ತುತ್ತಾರೆ. ಪಕ್ಕದ ಮನೆಯ ಗೋಡೆಗೆ 'ಬೀಹೈವ್' ಅನ್ನೋ ಸ್ಫೋಟಕ ಒರಗಿಸ್ತಾರೆ. ಇದರ ಒಳಮುಖ ಶಂಕುವಿನ ಆಕಾರದಲ್ಲಿ ಟೊಳ್ಳು, ಅದಕ್ಕೇ ಸ್ಫೋಟದ ಬಲ ಸುತ್ತ ಚದುರದೆ ಮುಂದಕ್ಕೆ ಒಂದೇ ಕಡೆ ಕೊರೆಯುತ್ತೆ. ಇಟ್ಟಾದ ಮೇಲೆ ಎಲ್ಲರೂ ನೆಲಮಹಡಿಗೆ ಇಳಿದು ಕೂರಬೇಕು. ಸಿಡಿದ ತಕ್ಷಣ, ಧೂಳು ಅಡಗೋದಕ್ಕೆ ಮುಂಚೆ ಓಡಿ ಹತ್ತಬೇಕು. ತೂತಿನೊಳಗೆ ಗ್ರೆನೇಡ್, ಅದು ಸಿಡೀತಿದ್ದ ಹಾಗೇ ಥಾಮ್ಸನ್ ಸಬ್‌ಮೆಷಿನ್‌ಗನ್ ಹಿಡಿದವನು ಒಳಗೆ ನುಗ್ಗಬೇಕು. ಆಮೇಲೆ ಮೆಟ್ಟಿಲ ಬಾಯಿಂದ ಕೆಳಕ್ಕೆ ಗ್ರೆನೇಡ್ ಉರುಳಿಸ್ತಾ, ಒಂದೊಂದೇ ಮಹಡಿ ಇಳೀತಾ ಮನೆ ಖಾಲಿ ಮಾಡಿಸಬೇಕು.

ಮೇಲಿಂದಲೇ ಯಾಕೆ? ಮೆಟ್ಟಿಲು ಹತ್ತೋನು ಗ್ರೆನೇಡ್ ಎಸೆದ್ರೆ ಅದು ತಿರುಗಿ ಅವನ ಕಾಲಿಗೇ ಉರುಳಿ ಬರುತ್ತೆ, ಅವರ ನಂಬರ್ 36 ಗ್ರೆನೇಡಿನ ಬತ್ತಿ ಉರಿಯೋದು ಬರೀ ನಾಲ್ಕು ಸೆಕೆಂಡು. ಇಳಿಯೋನಿಗೆ ಆ ತೊಂದರೆ ಇಲ್ಲ. ಜೊತೆಗೆ, ಮೇಲಿಂದ ಒತ್ತಡ ಬಂದ್ರೆ ಶತ್ರುವಿಗೆ ಬೀದಿಗೆ ಓಡಿಹೋಗೋಕೆ ದಾರಿ ಇರುತ್ತೆ. ಕೆಳಗಿಂದ ಹೋದ್ರೆ ಅವನು ಮೂಲೆಗೆ ಬಿದ್ದು ಕೊನೇ ಗುಂಡಿನವರೆಗೂ ಹೊಡೀತಾನೆ.

ಎಡವಟ್ಟು ಆಗೋ ಕಡೆಗಳೂ ಇದ್ವು. ಸ್ಫೋಟಕ ಕಮ್ಮಿಯಾದ್ರೆ ಮನುಷ್ಯ ತೂರದ ಕಿಂಡಿ ಬೀಳುತ್ತೆ, ಪಕ್ಕದವರಿಗೆ ಸುದ್ದಿ ಕೊಟ್ಟ ಹಾಗೆ ಅಷ್ಟೆ. ಜಾಸ್ತಿಯಾದ್ರೆ ಆಗಲೇ ಶೆಲ್ ತಿಂದು ಸಡಿಲಾದ ಹಳೇ ಕಲ್ಲುಮನೆ ತಲೆ ಮೇಲೇ ಕುಸಿಯುತ್ತೆ. ಎಲ್ಲಕ್ಕಿಂತ ದೊಡ್ಡ ತಲೆನೋವು ಹಿಂದುಗಡೆ: ಖಾಲಿ ಮಾಡಿಸಿದ ಮನೆಗೆ ರಾತ್ರಿ ಜರ್ಮನ್ನರು ಹಿತ್ತಲಿಂದ, ನೆಲಮಾಳಿಗೆಯಿಂದ ವಾಪಸ್ ಬರ್ತಿದ್ರು. ಹಾಗಾಗಿ ಗೆದ್ದ ಪ್ರತಿ ಮನೆಯಲ್ಲೂ ಒಂದಿಷ್ಟು ಜನರನ್ನ ಕಾವಲು ಬಿಡಬೇಕು. ಮನೆಗೆ ಮೂವರು ಅಂದ್ರೂ, 60 ಜನರ ಕಂಪನಿ ಇಪ್ಪತ್ತು ಮನೆಯಲ್ಲಿ ಮುಗಿದುಹೋಗುತ್ತೆ, ಅದೂ ಒಬ್ಬನೂ ಸಾಯದೆ ಇದ್ರೆ. ಮುನ್ನಡೆ ಯಾಕೆ ಅಷ್ಟು ನಿಧಾನ ಅನ್ನೋದಕ್ಕೆ ಉತ್ತರ ಇಲ್ಲಿದೆ. 23ನೇ ತಾರೀಖಿಗೆ ಸೀಫೋರ್ತ್ ಪಡೆ ಊರಿನ ಪಶ್ಚಿಮ ಭಾಗ ವಹಿಸಿಕೊಂಡ ಮೇಲೇ ಎಡ್ಮಂಟನ್ ಪಡೆಗೆ ಉಸಿರು ಬಂದದ್ದು.

ಅಂದ ಹಾಗೆ, ಚರ್ಚಿನಲ್ಲಿ ಮೇಜು ಹಾಕಿ ಸೈನಿಕರು ಕ್ರಿಸ್‌ಮಸ್ ಊಟ ಮಾಡೋ ಪ್ರಸಿದ್ಧ ಪ್ರಸಂಗ ಸೀಫೋರ್ತ್ ಪಡೆಯದು. ಸಾಂತಾ ಮರಿಯಾ ದಿ ಕೊಸ್ಟಾಂಟಿನೊಪೊಲಿ ಚರ್ಚಿಗೆ ಒಂದೊಂದೇ ಕಂಪನಿ ಬಂದು ಉಂಡು ಮತ್ತೆ ಕದನಕ್ಕೆ ಹೋಗ್ತಿತ್ತು. ಅದನ್ನ ಎಡ್ಮಂಟನ್ ಪಡೆಯ ಲೆಕ್ಕಕ್ಕೆ ಹಾಕೋರು ಇದಾರೆ, ನಂಬಬೇಡಿ.

ಡಿಸೆಂಬರ್ 27ರಂದು ಎಡ್ಮಂಟನ್‌ನ ಒಂದು ಪ್ಲಟೂನ್ (ಕಂಪನಿಯೊಳಗಿನ ಸಣ್ಣ ತುಕಡಿ) ಹೊಕ್ಕಿದ್ದ ಮನೆಯನ್ನ ಜರ್ಮನ್ನರು ಮೊದಲೇ ಹುದುಗಿಸಿಟ್ಟಿದ್ದ ಸ್ಫೋಟಕದಿಂದ ಉಡಾಯಿಸಿಬಿಟ್ರು. ಒಳಗಿದ್ದವರಲ್ಲಿ ಹೆಚ್ಚಿನವರು ಅಲ್ಲೇ ಸತ್ರು. ಲ್ಯಾನ್ಸ್ ಕಾರ್ಪೊರಲ್ ರಾಯ್ ಬಾಯ್ಡ್‌ನನ್ನ ಮೂರೂವರೆ ದಿನ ಆದ ಮೇಲೆ ಅವಶೇಷದಡಿಯಿಂದ ಜೀವಂತ ತೆಗೆದ್ರು. ಇದಕ್ಕೆ ಪ್ರತಿಯಾಗಿ ಕೆನಡಾದವರೂ ಜರ್ಮನ್ನರಿದ್ದ ಕಟ್ಟಡಗಳನ್ನ ಅದೇ ಥರ ಕೆಡವಿದ್ರು. ಆ ರಾತ್ರಿಯೇ ಪ್ಯಾರಾಟ್ರೂಪರ್‌ಗಳು ಊರು ಬಿಟ್ಟು ಸದ್ದಿಲ್ಲದೆ ಹಿಂದೆ ಸರಿದ್ರು. 28ರ ಬೆಳಗ್ಗೆ ಹೋಗಿ ನೋಡಿದ್ರೆ ಎದುರಾಳಿಗಳೇ ಇಲ್ಲ.

ಊರೊಳಗಿನ ಕದನದಲ್ಲಿ ಎಡ್ಮಂಟನ್ ಪಡೆ ಕಳಕೊಂಡದ್ದು ಸತ್ತವರು ಗಾಯಗೊಂಡವರು ಸೇರಿ 172 ಜನ, ಅದರಲ್ಲಿ ಸತ್ತವರು 63. ಒರ್ಟೋನಾದ ಸಾಮಾನ್ಯ ಜನ ಸತ್ತದ್ದು 1,300ಕ್ಕೂ ಹೆಚ್ಚು. ಕೆನಡಾದ ಕಥನಗಳಲ್ಲಿ ಈ ಸಂಖ್ಯೆ ಎಲ್ಲೋ ಮೂಲೆಯಲ್ಲಿ ಬಂದು ಹೋಗುತ್ತೆ, ಅದು ಸರಿಯಲ್ಲ.

ನಮ್ಮವರ ಮಾತೂ ಇಲ್ಲಿ ಬರುತ್ತೆ. ಕೆನಡಾದವರ ಎಡಮಗ್ಗುಲಿಗೆ ಹೋರಾಡ್ತಿದ್ದದ್ದು ಎಂಟನೇ ಇಂಡಿಯನ್ ಡಿವಿಷನ್. ಮೋರೋ ನದಿ ದಂಡೆಯಲ್ಲಿ ರಸ್ತೆಯ ತಿರುವಿನಿಂದಾಗಿ ಸೇತುವೆ ಜೋಡಿಸೋಕೆ ಜಾಗ ಸಾಲದೆ ಹೋದಾಗ, ಈ ಡಿವಿಷನ್ನಿನ ಸ್ಯಾಪರ್‌ಗಳು (ಎಂಜಿನಿಯರ್ ಸೈನಿಕರು) ಸಾಮಾನೆಲ್ಲ ಆಚೆ ದಡಕ್ಕೆ ಹೊತ್ತು, ಶತ್ರುವಿನ ಕಡೆಯಿಂದ ಈಚೆಗೆ, ಬಿಡಿಭಾಗ ಜೋಡಿಸಿ ಕಟ್ಟೋ ಬೈಲಿ ಸೇತುವೆ ಕಟ್ಟಿದ್ರು. 'ಇಂಪಾಸಿಬಲ್ ಬ್ರಿಡ್ಜ್' ಅಂತಲೇ ಅದಕ್ಕೆ ಹೆಸರಾಯ್ತು. ಇದೇ ಡಿವಿಷನ್ನಲ್ಲಿ ಐದನೇ ಮರಾಠಾ ಲೈಟ್ ಇನ್‌ಫೆಂಟ್ರಿಯ ಒಂದನೇ ಬೆಟಾಲಿಯನ್ ಇತ್ತು. ಆ ರೆಜಿಮೆಂಟಿನ ತರಬೇತಿ ಕೇಂದ್ರ ಆಗಲೂ ಬೆಳಗಾವಿ, ಈಗಲೂ ಬೆಳಗಾವಿ.

ಆ ಕಡೆ ಹೋಗೋರಿದ್ರೆ, ಒರ್ಟೋನಾ ಊರೊಳಗೆ ಈ ಕದನದ್ದೇ ಒಂದು ಮ್ಯೂಸಿಯಂ ಇದೆ. ಮೋರೋ ರಿವರ್ ಕೆನಡಿಯನ್ ಸ್ಮಶಾನ ಊರಿಂದ ದಕ್ಷಿಣಕ್ಕೆ ಹತ್ತಿರದಲ್ಲೇ, 1,600ಕ್ಕೂ ಹೆಚ್ಚು ಸಮಾಧಿಗಳಿವೆ. ಭಾರತೀಯ ಸೈನಿಕರ ಹೆಸರು ಹುಡುಕೋರು ಇನ್ನೂ ದಕ್ಷಿಣಕ್ಕೆ, ಟೊರಿನೋ ದಿ ಸಾಂಗ್ರೋ ಹತ್ತಿರದ ಸಾಂಗ್ರೋ ರಿವರ್ ಸ್ಮಶಾನಕ್ಕೆ ಹೋಗಬೇಕು. ಅಲ್ಲಿ ದಹನವಾದ 500ಕ್ಕೂ ಹೆಚ್ಚು ಭಾರತೀಯರ ಹೆಸರು ಕೆತ್ತಿದ ಸ್ಮಾರಕ ಇದೆ. ಎರಡನ್ನೂ ಒಂದೇ ದಿನದಲ್ಲಿ ನೋಡಿ ಮುಗಿಸಬಹುದು.