ಎಲೆ ಬಿಡಿಸಿ ನೋಡಿ

ಕೇಳುಗರಿಗೆ ನಮಸ್ಕಾರ.

ನಾಗರ ಪಂಚಮಿಗೆ ಮಂಗಳೂರಿನ ಮನೆಗಳಲ್ಲಿ ಅಕ್ಕಿ ಹಿಟ್ಟನ್ನು ಅರಸಿನ ಎಲೆಯಲ್ಲಿ ಸುತ್ತಿ ಬೇಯಿಸಿ ಗಟ್ಟಿ ಮಾಡುತ್ತಾರೆ. ಕಳೆದ ವರ್ಷ ನಾನು ಗಟ್ಟಿಗೆ ಕೈ ಹಾಕುವಷ್ಟರಲ್ಲಿ ಫೋನ್ ಬಂತು. ಬಂದರಿನ ಸಗಟು ಅಂಗಡಿಯೊಂದಕ್ಕೆ ನಾನು ಬರೆದುಕೊಟ್ಟ ಬಿಲ್ಲಿನ ಪ್ರೋಗ್ರಾಂ ಆಗಾಗ ನಿಂತುಬಿಡುತ್ತಿತ್ತು. ಪರದೆಯಲ್ಲಿ ಏನಿದೆ ಅಂತ ಕೇಳಿದೆ.

"ಒಂದೋ, ಜಾಸ್ತಿಯೋ ತಪ್ಪುಗಳಾಗಿವೆ ಅಂತ ಇಂಗ್ಲಿಷಿನಲ್ಲಿ ಉಂಟು ಮಾರಾಯ್ರೆ. ಎಂತ ತಪ್ಪು ಅಂತ ಇಲ್ಲ."

ಕೆಲಸ ಕೆಟ್ಟಾಗ ಪ್ರೋಗ್ರಾಂ ಎಸೆಯುವ ತಪ್ಪಿನ ಸುದ್ದಿಗೆ ಎಕ್ಸೆಪ್ಷನ್ ಅಂತಾರೆ. ಮೈಕ್ರೋಸಾಫ್ಟ್‌ನ ಪ್ರೋಗ್ರಾಮಿಂಗ್ ವೇದಿಕೆ ಡಾಟ್‌ನೆಟ್‌ನ ಅಗ್ರಿಗೇಟ್ ಎಕ್ಸೆಪ್ಷನ್ ಆಡುವ ಮಾತು ಅದು. ಹಲವು ಕೆಲಸ ಒಟ್ಟಿಗೆ ನಡೆಯುವಾಗ ಆದ ತಪ್ಪುಗಳನ್ನು ಒಂದೇ ಕಟ್ಟು ಮಾಡಿ ಕೊಡಲು 2010ರಲ್ಲಿ, 4.0 ಆವೃತ್ತಿಯೊಂದಿಗೆ ಬಂದದ್ದು. ನಿಜವಾದ ಕಾರಣ ಅದರ ಇನ್ನರ್ ಎಕ್ಸೆಪ್ಷನ್‌ನಲ್ಲಿ, ಅಂದರೆ ಒಳಗೆ ಸುತ್ತಿಟ್ಟ ಮೂಲ ತಪ್ಪಿನಲ್ಲಿ ಇರುತ್ತದೆ. ಜಾವಾ ಭಾಷೆಯಲ್ಲಾದರೆ ಲಾಗ್‌ನಲ್ಲಿ, ಅಂದರೆ ಪ್ರೋಗ್ರಾಂ ಬರೆದಿಡುವ ದಾಖಲೆಯಲ್ಲಿ, 'ಕಾಸ್ಡ್ ಬೈ' ಅಂತ ಶುರುವಾಗುವ ಸಾಲು.

ಲಾಗ್ ತೆರೆದು ಒಂದೊಂದೇ ಪದರ ಬಿಡಿಸಿದೆ. ಕಟ್ಟಿನೊಳಗೆ ಟಾರ್ಗೆಟ್ ಇನ್ವೊಕೇಶನ್ ಎಕ್ಸೆಪ್ಷನ್. ರಿಫ್ಲೆಕ್ಷನ್ ಮೂಲಕ, ಅಂದರೆ ಪ್ರೋಗ್ರಾಂ ಓಡುತ್ತಿರುವಾಗಲೇ ಹುಡುಕಿ, ಮೆಥಡ್ ಕರೆದರೆ ಇದು ತಾನಾಗಿ ಸುತ್ತಿಕೊಳ್ಳುತ್ತದೆ. ಅದರೊಳಗೆ ಎಸ್‌ಕ್ಯೂಎಲ್ ಸರ್ವರ್ ಎಂಬ ಡೇಟಾಬೇಸಿನ ತಪ್ಪು, ಸಂಖ್ಯೆ 1205. ಡೆಡ್‌ಲಾಕ್! ಕಿರಿದಾದ ಓಣಿಯಲ್ಲಿ ಎರಡು ಬಸ್ಸು ಎದುರುಬದುರಾಗಿ, ನೀನು ಹಿಂದೆ ಹೋಗು ಅಂತ ನಿಂತ ಹಾಗೆ. ಸರ್ವರ್ ಒಂದನ್ನು ಹಿಂದಕ್ಕೆ ಕಳಿಸುತ್ತದೆ. ಅದು ತುಸು ತಡೆದು ಮತ್ತೆ ಬಂದರೆ ಸಾಮಾನ್ಯವಾಗಿ ದಾರಿ ಸಿಗುತ್ತದೆ.

ಹಾಗೆ ಮತ್ತೆ ಪ್ರಯತ್ನಿಸುವ ಕೋಡನ್ನು ನಾನು ಬರೆದೇ ಇದ್ದೆ! ಆದರೆ ಅಲ್ಲಿನ ಕ್ಯಾಚ್, ಅಂದರೆ ಎಸೆದ ತಪ್ಪನ್ನು ಹಿಡಿಯುವ ಭಾಗ, ಕಾಯುತ್ತಿದ್ದದ್ದು ಎಸ್‌ಕ್ಯೂಎಲ್ ಎಕ್ಸೆಪ್ಷನ್‌ಗೆ. ಬಂದದ್ದೋ, ಎರಡು ಸುತ್ತು ಹೊದ್ದುಕೊಂಡು. ಕ್ಯಾಚ್ ಹೊರಗಿನ ಬಗೆಯನ್ನಷ್ಟೇ ನೋಡುತ್ತದೆ, ಒಳಗೆ ಇಣುಕುವುದಿಲ್ಲ.

ಮೊದಲು ಫ್ಲಾಟನ್ ಕರೆದೆ. ಕಟ್ಟಿನೊಳಗೆ ಇನ್ನೊಂದು ಅಂಥದೇ ಕಟ್ಟಿದ್ದರೆ ಅದು ಬಿಚ್ಚಿಕೊಡುತ್ತದೆ. ಆಮೇಲೆ ಪ್ರತಿ ತಪ್ಪಿನಲ್ಲೂ ಒಳಪದರ ನಲ್, ಅಂದರೆ ಖಾಲಿ ಆಗುವ ತನಕ ಲೂಪ್. ಎರಡೇ ಪದರ ಅಂತ ಲೆಕ್ಕ ಹಾಕಿ ಬರೆಯಬೇಡಿ, ನಾಳೆ ಮೂರನೆಯದು ಸೇರಿಕೊಳ್ಳುತ್ತದೆ. ಎಲ್ಲವೂ 1205 ಆಗಿದ್ದರೆ ಮಾತ್ರ ಮರುಪ್ರಯತ್ನ. ಈ ಪರೀಕ್ಷೆಯನ್ನು ಕ್ಯಾಚ್ ಪಕ್ಕದ 'ವೆನ್' ಷರತ್ತಿನಲ್ಲಿಟ್ಟೆ. ಬೇರೆ ತಪ್ಪಾದರೆ ಅದನ್ನು ಮುಟ್ಟದೆ ಮೇಲಕ್ಕೆ ಬಿಟ್ಟುಬಿಡುತ್ತದೆ.

ಹಾಗಂತ ಹೊದಿಕೆಯೇ ಬೇಡ ಅಂತಲ್ಲ. ಯಾವ ಬಿಲ್ ಉಳಿಸುವಾಗ ಹೀಗಾಯಿತು ಅಂತ ಡೇಟಾಬೇಸಿಗೆ ಗೊತ್ತಿಲ್ಲ, ಹೊರಪದರವೇ ಹೇಳಬೇಕು. ಗಟ್ಟಿಯ ಪರಿಮಳವೂ ಎಲೆಯದ್ದೇ ಅಲ್ವಾ? ನನಗೆ ಸಿಟ್ಟು ಬರುವುದು ಹೊಸ ಎಕ್ಸೆಪ್ಷನ್‌ಗೆ ಸುಮ್ನೆ ಸಂದೇಶ ಮಾತ್ರ ಬರೆದು, ಹಳೆಯದನ್ನು ಎರಡನೇ ಆರ್ಗ್ಯುಮೆಂಟಾಗಿ ಕೊಟ್ಟು ಒಳಗಿಡದವರ ಮೇಲೆ. ಬಿಡಿಸಿದರೆ ಬರೀ ಎಲೆ.

ಆ ಸಂಜೆ ಹುಡುಕಿದಾಗ ನನ್ನದೇ ಕೋಡಿನಲ್ಲಿ ಅಂಥವು ಮೂರು ಸಿಕ್ಕವು.

ನಮಸ್ಕಾರ.