ಮೈನಸ್ 30 ಡಿಗ್ರಿ ಚಳಿ, ಹಸುಗಳಿಗೆ ಕೊಟ್ಟಿಗೆಯೇ ಇಲ್ಲ! ಮೊಂಟಾನಾ ರಾಂಚ್‌ನ ಚಳಿಗಾಲ

[ದೃಶ್ಯ: ಹಿಮ ಮುಚ್ಚಿದ ಬಯಲು. ಕಪ್ಪು ಹಸುಗಳ ಸಾಲು. ಕ್ಯಾಮೆರಾ ಒಂದು ಹಸುವಿನ ಬೆನ್ನಿನ ಹತ್ತಿರ.]

ನಮಸ್ಕಾರ. ಈ ಹಸುವಿನ ಬೆನ್ನು ನೋಡಿ. ಮೇಲೆ ಹಿಮ ಕೂತಿದೆ, ಕರಗಿಲ್ಲ. ಅಯ್ಯೋ ಪಾಪ ಅನ್ನಿಸುತ್ತದೆ, ಅಲ್ವಾ? ಆದರೆ ರಾಂಚ್‌ನವರಿಗೆ, ಅಂದರೆ ದೊಡ್ಡ ಬಯಲಲ್ಲಿ ದನ ಸಾಕುವವರಿಗೆ, ಇದನ್ನು ನೋಡಿದರೆ ಸಮಾಧಾನ. ಹಿಮ ಕರಗಿಲ್ಲ ಅಂದರೆ ಮೈಯ ಬಿಸಿ ಹೊರಗೆ ಹೋಗುತ್ತಿಲ್ಲ. ಚಳಿಗಾಲಕ್ಕೆಂದು ಬೆಳೆದ ದಪ್ಪ ಕೂದಲು ತನ್ನ ಕೆಲಸ ಮಾಡುತ್ತಿದೆ.

ಇದು ಅಮೆರಿಕದ ಮೊಂಟಾನಾ ರಾಜ್ಯದ ಬಿಗ್ ಹೋಲ್ ಕಣಿವೆ. ಸಮುದ್ರಮಟ್ಟದಿಂದ ಸುಮಾರು 1,800 ಮೀಟರ್ ಎತ್ತರ. ಇಲ್ಲಿ ಮೈನಸ್ 30 ಡಿಗ್ರಿ ಚಳಿ ಅಪರೂಪವೇನಲ್ಲ. ಹಸುಗಳು ಇರುವುದು ಬಯಲಲ್ಲೇ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಇದು ಹಾಲಿನ ಡೇರಿ ಅಲ್ಲ. ಇಲ್ಲಿ ಯಾರೂ ಹಾಲು ಕರೆಯುವುದಿಲ್ಲ, ಕೆಚ್ಚಲಲ್ಲಿ ಇರುವುದೆಲ್ಲ ಕರುವಿಗೆ. ಆ ಕರುಗಳನ್ನು ಶರತ್ಕಾಲದಲ್ಲಿ ಮಾರುತ್ತಾರೆ, ಕೊನೆಗೆ ಅವು ಮಾಂಸಕ್ಕೆ ಹೋಗುತ್ತವೆ. ಮನೆಗೆ ದೊಡ್ಡ ದುಡ್ಡು ಬರುವುದು ವರ್ಷಕ್ಕೆ ಒಂದೇ ಸಲ, ಆ ಮಾರಾಟದಲ್ಲಿ.

[ದೃಶ್ಯ: ಹಸು ಮೆಲುಕು ಹಾಕುತ್ತಿದೆ. ಮೂಗಿನಿಂದ ಹಬೆ.]

ಹಾಗಾದರೆ ಬಯಲಲ್ಲಿ ಹಸು ಬದುಕುವುದು ಹೇಗೆ? ಹೊಟ್ಟೆಯಿಂದ. ಹಸುವಿನ ಹೊಟ್ಟೆಯ ಮೊದಲ ಚೀಲದಲ್ಲಿ ಹುಲ್ಲು ಹುಳಿಯುತ್ತದೆ, ಹುಳಿಯುವಾಗ ಬಿಸಿ ಹುಟ್ಟುತ್ತದೆ. ಒಳಗೆ ಸದಾ ಉರಿಯುವ ಒಲೆ ಇದ್ದ ಹಾಗೆ. ಕೂದಲು ದಪ್ಪವಾಗಿ ಒಣಗಿದ್ದರೆ ಸುಮಾರು ಮೈನಸ್ 8 ಡಿಗ್ರಿವರೆಗೂ ಹಸುವಿಗೆ ತೊಂದರೆ ಇಲ್ಲ. ಅದಕ್ಕಿಂತ ಕೆಳಗೆ ಇಳಿದರೆ ಒಂದೊಂದು ಡಿಗ್ರಿಗೂ ಶೇ. 2ರಷ್ಟು ಜಾಸ್ತಿ ಮೇವಿನ ಬಲ ಬೇಕು ಎಂಬುದು ಸ್ಥೂಲ ಲೆಕ್ಕ. ಚಳಿ ಹೆಚ್ಚಾದ ದಿನ ಹುಲ್ಲೂ ಹೆಚ್ಚು.

ಕೂದಲು ನೆನೆದರೆ ಮಾತ್ರ ಲೆಕ್ಕವೆಲ್ಲ ತಲೆಕೆಳಗು. ಆಗ ಸೊನ್ನೆಗಿಂತ ಮೇಲೆ, 15 ಡಿಗ್ರಿಯಲ್ಲೇ ಹಸುವಿಗೆ ಚಳಿ ಶುರು. 2013ರ ಅಕ್ಟೋಬರ್‌ನಲ್ಲಿ ಪಕ್ಕದ ಸೌತ್ ಡಕೋಟಾದಲ್ಲಿ ಮೊದಲು ಮಳೆ ಸುರಿಯಿತು, ಹಿಂದೆಯೇ ಹಿಮಗಾಳಿ ಬೀಸಿತು. ಚಳಿಗಾಲದ ಕೂದಲು ಇನ್ನೂ ಬಂದಿರಲಿಲ್ಲ. ಹತ್ತಾರು ಸಾವಿರ ದನಗಳು ಸತ್ತವು.

[ದೃಶ್ಯ: ಹುಲ್ಲಿನ ಬಣವೆಗಳು. ಮರದ ಎತ್ತರದ ಇಳಿಜಾರು ಚೌಕಟ್ಟು.]

ಈಗ ಹುಲ್ಲಿನ ಲೆಕ್ಕಕ್ಕೆ ಬರೋಣ. ಒಂದು ಹಸುವಿಗೆ ದಿನಕ್ಕೆ ಸುಮಾರು 12 ಕಿಲೋ ಒಣಹುಲ್ಲು ಅಂತ ಇಟ್ಟುಕೊಳ್ಳಿ. 300 ಹಸು ಇದ್ದರೆ 3,600 ಕಿಲೋ. ಅದೂ ಒಂದು ದಿನಕ್ಕೆ! ಐದು ತಿಂಗಳು ಹಾಕಬೇಕು ಅಂದರೆ 500 ಟನ್ನಿಗೂ ಮೇಲೆ. ಬೇಸಿಗೆಯಲ್ಲಿ ಮನೆಮಂದಿಯೆಲ್ಲ ಹುಲ್ಲು ಕೊಯ್ಯುವುದು ಇದಕ್ಕೇ. ಈ ಕಣಿವೆಗೆ ‘ಹತ್ತು ಸಾವಿರ ಬಣವೆಗಳ ಕಣಿವೆ’ ಅಂತಲೇ ಹೆಸರು. ಹುಲ್ಲನ್ನು ಮೇಲೆ ತಳ್ಳಿ ಬಣವೆ ಒಟ್ಟುವ ಈ ಮರದ ಯಂತ್ರದ ಹೆಸರು ಬೀವರ್‌ಸ್ಲೈಡ್. ಹುಟ್ಟಿದ್ದು ಇಲ್ಲೇ, ನೂರು ವರ್ಷಕ್ಕೂ ಹಿಂದೆ.

ಮೊದಲೆಲ್ಲ ಹೀಗೆ ಹುಲ್ಲು ಕೂಡಿಡುವ ರೂಢಿ ಕಡಿಮೆ ಇತ್ತು. ದನಗಳು ಹಿಮದಡಿ ಏನಾದರೂ ಹುಡುಕಿ ತಿನ್ನಲಿ ಅಂತ ಬಿಟ್ಟುಬಿಡುತ್ತಿದ್ದರು. 1886ರಲ್ಲಿ ಮಳೆ ಕೈಕೊಟ್ಟು ಹುಲ್ಲು ಒಣಗಿತು. ಆ ಚಳಿಗಾಲದಲ್ಲಿ ಹಿಮ ಬಿದ್ದು, ಸ್ವಲ್ಪ ಕರಗಿ, ಮತ್ತೆ ಗಟ್ಟಿ ಮಂಜುಗಡ್ಡೆಯಾಯಿತು. ಅದನ್ನು ಒಡೆದು ತಿನ್ನಲು ದನಗಳಿಂದ ಆಗಲಿಲ್ಲ. ಲಕ್ಷಗಟ್ಟಲೆ ಸತ್ತವು. ಒಬ್ಬ ಮಾಲೀಕ ‘ನಮ್ಮ ದನ ಹೇಗಿವೆ?’ ಅಂತ ಕೇಳಿದಾಗ, ಅಲ್ಲಿ ಕೆಲಸಕ್ಕಿದ್ದ ಚಾರ್ಲ್ಸ್ ರಸೆಲ್ ಎಂಬ ಹುಡುಗ ಅಂಗೈಯಗಲದ ರಟ್ಟಿನ ಮೇಲೆ ಮೂಳೆ ಚಕ್ಕಳವಾದ ಒಂದು ದನವನ್ನೂ ಕಾಯುತ್ತಿರುವ ತೋಳಗಳನ್ನೂ ಬರೆದು ಕಳಿಸಿದ. ಮುಂದೆ ಅವನು ದೊಡ್ಡ ಚಿತ್ರಕಾರನಾದ. ಉಳಿದುಕೊಂಡ ರಾಂಚ್‌ನವರು ಹುಲ್ಲು ಕೊಯ್ಯತೊಡಗಿದರು.

[ದೃಶ್ಯ: ಬೆಳಗಿನ ಜಾವ. ಟ್ರ್ಯಾಕ್ಟರ್‌ಗೆ ಸಿಕ್ಕಿಸಿದ ಕರೆಂಟ್ ವೈರ್.]

ಟ್ರ್ಯಾಕ್ಟರ್ ಎಂಜಿನ್‌ಗೂ ಹೀಟರ್ ಇದೆ. ರಾತ್ರಿಯೇ ಪ್ಲಗ್ ಹಾಕಿಡಬೇಕು, ಮರೆತರೆ ಬೆಳಿಗ್ಗೆ ಸ್ಟಾರ್ಟ್ ಆಗುವುದಿಲ್ಲ. ಜಾಸ್ತಿ ಚಳಿಯಲ್ಲಿ ಡೀಸೆಲ್ ಕೂಡ ಗಟ್ಟಿಯಾಗುತ್ತದೆ. ಹಾಗಾಗಿಯೇ ಈ ಕಣಿವೆಯಲ್ಲಿ ಕೆಲವರು ಇಂದಿಗೂ ಜಾರುಬಂಡಿಗೆ ಕುದುರೆ ಕಟ್ಟುತ್ತಾರೆ. ಕುದುರೆಗಳು ತಮ್ಮಷ್ಟಕ್ಕೆ ನಡೆಯುತ್ತಿರುತ್ತವೆ, ಹಿಂದೆ ನಿಂತ ಒಬ್ಬನೇ ಹುಲ್ಲು ಕೆಡವುತ್ತಾ ಹೋಗಬಹುದು. ಸುಮ್ನೆ ಹಳೇ ಕಾಲದ ಶೋಕಿ ಅಲ್ಲ ಇದು, ಕೂಲಿ ಉಳಿಸುವ ಉಪಾಯ.

ಆಮೇಲೆ ನೀರು. ಕೊಡಲಿಯಿಂದ ಮಂಜುಗಡ್ಡೆ ಒಡೆದರೆ ಸಾಲದು, ಚೂರುಗಳನ್ನು ಎತ್ತಿ ಹೊರಗೆ ಹಾಕಬೇಕು. ಇಲ್ಲದಿದ್ದರೆ ಅವೇ ಮತ್ತೆ ಹೆಪ್ಪುಗಟ್ಟಿ ಅಂಟಿಕೊಳ್ಳುತ್ತವೆ. ನೀರು ಕಡಿಮೆಯಾದರೆ ಹಸು ಹುಲ್ಲನ್ನೂ ಕಡಿಮೆ ತಿನ್ನುತ್ತದೆ. ಹುಲ್ಲು ಕಡಿಮೆ ಆದರೆ ಒಳಗಿನ ಬಿಸಿಯೂ ಕಡಿಮೆ.

[ದೃಶ್ಯ: ಮನೆಯ ಒಳಗೆ. ನೆಲದ ಮೇಲೆ ಟವೆಲ್, ಅದರ ಮೇಲೆ ಒದ್ದೆ ಕರು.]

ಫೆಬ್ರವರಿ, ಮಾರ್ಚ್ ಅಂದರೆ ಕರು ಹಾಕುವ ಕಾಲ. ಮನೆಯವರ ನಿದ್ದೆ ಅಲ್ಲಿಗೆ ಮುಗಿಯಿತು. ಚೊಚ್ಚಲ ಕಡಸುಗಳನ್ನು ಎರಡು ಮೂರು ಗಂಟೆಗೊಮ್ಮೆ ಹೋಗಿ ನೋಡಬೇಕು. ಗಂಡ ಒಂದು ಪಾಳಿ, ಹೆಂಡತಿ ಒಂದು ಪಾಳಿ. ಬೆಳಿಗ್ಗೆ ಅವರಲ್ಲೊಬ್ಬರು ಪಟ್ಟಣಕ್ಕೆ ಕೆಲಸಕ್ಕೂ ಹೋಗುವ ಮನೆಗಳು ಎಷ್ಟೋ ಇವೆ, ಯಾಕೆಂದರೆ ಆರೋಗ್ಯ ವಿಮೆ ಸಿಗುವುದು ಆ ನೌಕರಿಯಿಂದ.

ಒದ್ದೆ ಮೈಯಲ್ಲಿ ಹಿಮಕ್ಕೆ ಬಿದ್ದ ಕರುವಿಗೆ ಮೊದಲು ಮರಗಟ್ಟುವುದು ಕಿವಿ ಮತ್ತು ಬಾಲದ ತುದಿ. ಅಂಥ ಕರುವನ್ನು ಪಿಕಪ್‌ನಲ್ಲಿ ಹೀಟರ್ ಹತ್ತಿರ ಮಲಗಿಸಿ ಮನೆಗೆ ತರುತ್ತಾರೆ. ಕೆಲವೊಮ್ಮೆ ಬಚ್ಚಲಿನ ಟಬ್‌ನಲ್ಲಿ ಬಿಸಿನೀರಿಗೆ ಇಳಿಸುತ್ತಾರೆ. ಬಾಯೊಳಗೆ ಬೆರಳಿಟ್ಟರೆ ತಣ್ಣಗಿದ್ದರೆ ಅಪಾಯ. ಬೆಚ್ಚಗಾಗಿ ಬೆರಳು ಚೀಪಲು ಶುರು ಮಾಡಿತು ಅಂದರೆ ಗಿಣ್ಣು ಹಾಲು ಕೊಡುವ ಹೊತ್ತಾಯಿತು. ಮೊದಲ ಕೆಲವೇ ಗಂಟೆಗಳಲ್ಲಿ ಅದು ಹೊಟ್ಟೆಗೆ ಹೋಗಬೇಕು. ತಾಯಿ ಇಲ್ಲದ ಕರುವಿಗೆ ಬಾಟಲಿ ಹಿಡಿಯುವುದು ಸಾಮಾನ್ಯವಾಗಿ ಮಕ್ಕಳ ಕೆಲಸ.

ನಿದ್ದೆ ಉಳಿಸುವ ಒಂದು ದಾರಿಯೂ ಹುಲ್ಲಿನಲ್ಲೇ ಸಿಕ್ಕಿತು. 1970ರ ದಶಕದಲ್ಲಿ ಕೆನಡಾದ ಮ್ಯಾನಿಟೋಬಾದಲ್ಲಿ ಗಸ್ ಕೋನೆಫಾಲ್ ಎಂಬ ರೈತ ಗಮನಿಸಿದ್ದು ಇದು: ರಾತ್ರಿ ಮೇವು ಹಾಕಿದರೆ ಹೆಚ್ಚು ಹಸುಗಳು ಹಗಲು ಕರು ಹಾಕುತ್ತವೆ. ಅವನ ಲೆಕ್ಕದಲ್ಲಿ ಸುಮಾರು ಶೇ. 80ರಷ್ಟು. ಈಗ ಎಷ್ಟೋ ಮನೆಗಳಲ್ಲಿ ಹುಲ್ಲಿನ ಗಾಡಿ ಹೊರಡುವುದೇ ಸಂಜೆ.

[ದೃಶ್ಯ: ನಿರೂಪಕ ಕ್ಯಾಮೆರಾ ಮುಂದೆ.]

ನೀವು ಕೇಳಬಹುದು, ಇಷ್ಟೆಲ್ಲ ಕಷ್ಟ ಯಾಕೆ, ಮೇ ತಿಂಗಳಲ್ಲೇ ಕರು ಹಾಕಿಸಬಹುದಲ್ವಾ? ಹೋರಿಯನ್ನು ಮೂರು ತಿಂಗಳು ತಡವಾಗಿ ಬಿಟ್ಟರೆ ಆಯಿತು, ಗರ್ಭದ ಅವಧಿ ಸುಮಾರು 283 ದಿನ. ಕೆಲವು ಮನೆಯವರು ಹಾಗೇ ಮಾಡಿದ್ದಾರೆ. ಹುಲ್ಲೂ ಕಡಿಮೆ ಸಾಕು, ಕರುಗಳೂ ಕಡಿಮೆ ಸಾಯುತ್ತವೆ. ಆದರೆ ಅಕ್ಟೋಬರ್‌ನಲ್ಲಿ ತೂಕಕ್ಕೆ ಇಟ್ಟಾಗ ಕರು ಹಗುರ, ದುಡ್ಡೂ ಕಡಿಮೆ. ನನಗೇನೋ ಮೇ ತಿಂಗಳೇ ವಾಸಿ ಅನ್ನಿಸುತ್ತದೆ. ಆದರೆ ಬ್ಯಾಂಕ್ ಸಾಲ ಕಟ್ಟಬೇಕಾದ ಮನೆಯವರು ಬೇರೆ ಲೆಕ್ಕ ಹಾಕಿದರೆ ಅದನ್ನೂ ತಪ್ಪು ಅನ್ನಲಾರೆ.